ಗುಣಿಸಿದ್ದು, ಗುಣವಾದದ್ದು

ಗಣಿತ ಓದಿದವರು ಜೀವಶಾಸ್ತ್ರದ ಮಕ್ಕಳಿಗೆ ಪಾಠ ಹೇಳುವುದು ಹೇಗೆ ಎಂದು ಈಚೆಗೆ ಒಬ್ಬ ಹೊಸ ಟೀಚರ್ ಫೋನ್ ಮಾಡಿ ಕೇಳಿದರು. ‘ಗಣಿತೀಯ ಜೀವಶಾಸ್ತ್ರಕ್ಕೆ ಪ್ರವೇಶ’ ಎಂಬ ಪೇಪರು ಅವರಿಗೆ ಬಂದಿದೆಯಂತೆ. ‘ಬಂದಿದೆ’ ಎನ್ನುವಾಗ ಅವರ ದನಿ, ಮೈಮೇಲೆ ಸಿಡುಬು ಬಂದಿದೆ ಎನ್ನುವವರ ದನಿಯ ಹಾಗಿತ್ತು. ನನಗೂ ಅದು ಹಾಗೆಯೇ ಬಂದದ್ದು. ಮೊದಲ ವರ್ಷ ಟೀಚರ್ ಒದ್ದಾಡುತ್ತಾರೆ, ಎರಡನೆಯ ವರ್ಷ ಮಕ್ಕಳು ಒದ್ದಾಡುತ್ತಾರೆ, ಆಮೇಲೆ ಎಲ್ಲರಿಗೂ ರೂಢಿಯಾಗುತ್ತದೆ ಎಂದು ಹೇಳಿ ಫೋನಿಟ್ಟೆ.

ಇಟ್ಟ ಮೇಲೆ ಅಷ್ಟು ಹೇಳಿದ್ದು ಸಾಲದು ಅನ್ನಿಸಿತು. ಆ ಪೇಪರು ನನಗೆ ಕೊಟ್ಟದ್ದು ಬಹಳ. ಅದರಲ್ಲೂ ಭಾಗ್ಯ ಎಂಬ ಹುಡುಗಿಯ ವಿಷಯ ಹೇಳದೆ ಈ ಪಾಠದ ಬಗ್ಗೆ ಏನು ಹೇಳಿದರೂ ಉಪ್ಪಿಲ್ಲದ ಅಡುಗೆ. ಒಂದೇ ಒಂದು ಶಬ್ದದ ದೆಸೆಯಿಂದ ಆ ಹುಡುಗಿ ಓದು ಬಿಟ್ಟು ಮನೆಗೆ ಹೊರಟಿದ್ದಳು. ಅವಳ ಹತ್ತಿರ ಬರುವ ಮೊದಲು ದಾರಿಯಲ್ಲಿ ಸಿಕ್ಕವರನ್ನೂ ಮಾತಾಡಿಸಿಕೊಂಡು ಹೋಗುತ್ತೇನೆ. ಅವರ ಋಣವೂ ನನ್ನ ಮೇಲಿದೆ.

ನಮ್ಮದು ಪನಮರಂ ಕಡೆಯ ಜೈನರ ಮನೆ. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ಮಲಯಾಳಂ. ಶಾಲೆಯಲ್ಲಿ ಓದಿದ್ದು, ಕಾಲೇಜಿನಲ್ಲಿ ಪಾಠ ಹೇಳಿದ್ದು ಎಲ್ಲ ಮಲಯಾಳಂ ಮತ್ತು ಇಂಗ್ಲಿಷಿನಲ್ಲಿ. ಹಾಗಾಗಿ ಇಲ್ಲಿ ಬರುವ ಹೆಚ್ಚಿನ ಮಾತುಗಳು ಮಲಯಾಳದಲ್ಲಿ ಆಡಿದವು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಎಂದು ತಿಳಿಯಿರಿ. ಇರುವೆ ತುಳಿದರೂ ‘ಅಯ್ಯೋ ಪಾಪ’ ಎನ್ನುವ ಅಮ್ಮನ ಮಗಳು ನಾನು. ಬೀಜಗಣಿತ ಆರಿಸಿಕೊಂಡದ್ದಕ್ಕೆ ಅದರಲ್ಲಿ ರಕ್ತ ಬರುವುದಿಲ್ಲ ಎಂಬುದೂ ಒಂದು ಕಾರಣ.

ಹೊಸ ಸಿಲೆಬಸ್ ಬಂದ ವರ್ಷ ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದವರು ಕುರ್ಯನ್ ಸಾರ್. ತೆಳ್ಳಗೆ, ಬೆಳ್ಳಗೆ, ಇಸ್ತ್ರಿ ಮಾಡಿದ ಕಾಗದದಂಥ ಮನುಷ್ಯ. ಮೀಟಿಂಗಿನಲ್ಲಿ ಅವರು ಪೇಪರಿನ ಹೆಸರು ಓದಿ ತಲೆ ಎತ್ತಿದಾಗ ಎಲ್ಲರೂ ಟೀ ಲೋಟದೊಳಗೆ ಏನೋ ಬಿದ್ದಿದೆ ಎನ್ನುವ ಹಾಗೆ ಇಣುಕುತ್ತಿದ್ದರು. ನಾನು ಮಾತ್ರ ಟೀ ಮುಗಿಸಿಬಿಟ್ಟಿದ್ದೆ.

‘ಸುನಂದಾ ಟೀಚರ್ ತಗೊಳ್ಳಲಿ,’ ಎಂದರು ಸಾರ್.

‘ಸಾರ್, ನನಗೆ ಕಪ್ಪೆಗೂ ಓತಿಕೇತಕ್ಕೂ ವ್ಯತ್ಯಾಸ ಗೊತ್ತಿಲ್ಲ.’

‘ಒಳ್ಳೆಯದಾಯಿತು. ಕಪ್ಪೆ ಗೊತ್ತಿರುವವರು ಪಕ್ಕದ ವಿಭಾಗದಲ್ಲಿದ್ದಾರೆ, ಹೋಗಿ ಕೇಳಿ.’

ಪಕ್ಕದ ವಿಭಾಗವೆಂದರೆ ಪ್ರಾಣಿಶಾಸ್ತ್ರದ ರೋಸಮ್ಮ ಟೀಚರ್. ಅವರ ಲ್ಯಾಬಿನ ವಾಸನೆ ದಾಟಿ ಅವರ ಮೇಜು ತಲುಪುವಷ್ಟರಲ್ಲಿ ನನಗೆ ತಲೆ ಸುತ್ತುತ್ತಿತ್ತು. ಅವರು ಒಂದು ಕುರ್ಚಿಯನ್ನು ವರಾಂಡಕ್ಕೆ ಎಳೆದು ಹಾಕಿಸಿದರು. ಆ ಕುರ್ಚಿ ನಾನು ನಿವೃತ್ತಳಾಗುವವರೆಗೂ ಅಲ್ಲೇ ಇತ್ತು. ಪ್ರಾಣಿಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ವರಾಂಡದಲ್ಲಿ, ಅವರು ಕೊಟ್ಟ ಬಾಳೆಕಾಯಿ ಚಿಪ್ಸ್ ತಿನ್ನುತ್ತ ಕಲಿತದ್ದು. ನಾನು ಅವರಿಗೆ ಕಲಿಸಿದ್ದು ಬಹಳ ಕಡಿಮೆ. ಅವರು ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ.

ಮೊದಲ ಪಾಠ ಸಂಖ್ಯೆಯ ಬೆಳವಣಿಗೆ. ಒಂದು ಎರಡಾಗುವುದು, ಎರಡು ನಾಲ್ಕಾಗುವುದು. ಪುಸ್ತಕದಲ್ಲಿ ಬ್ಯಾಕ್ಟೀರಿಯಾ ಇತ್ತು. ಕಣ್ಣಿಗೆ ಕಾಣದ್ದನ್ನು ನಂಬು ಎಂದರೆ ಯಾರು ನಂಬುತ್ತಾರೆ? ಕಾಲೇಜಿನ ಹಿಂದಿನ ಕೊಳದಲ್ಲಿ ಪಾಯಲ್ ಬೆಳೆದಿತ್ತು. ನೀರಿನ ಮೇಲೆ ಹಸಿರು ಜಮಖಾನೆ ಹಾಸಿದಂತೆ ಹರಡುವ ಕಳೆ ಅದು. ಮಕ್ಕಳನ್ನು ಕರೆದುಕೊಂಡು ಹೋಗಿ ಕೊಳದ ದಡದಲ್ಲಿ ಗೂಟ ನೆಟ್ಟು ಅಳೆದೆವು, ವಾರ ಬಿಟ್ಟು ಮತ್ತೆ ಅಳೆದೆವು, ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ಮುಂದಿನ ಸೋಮವಾರ ಕೊಳದಲ್ಲಿ ನೀರು ಕಾಣಿಸುವುದಿಲ್ಲ ಎಂದು ನಾನು ಜ್ಯೋತಿಷಿಯ ಗತ್ತಿನಲ್ಲಿ ಸಾರಿದೆ. ಪ್ರಿನ್ಸಿಪಾಲರನ್ನೂ ನೋಡಲು ಕರೆದಿದ್ದೆ.

ಸೋಮವಾರ ಎಲ್ಲರೂ ಹೋಗಿ ನೋಡಿದರೆ ಕೊಳದಲ್ಲಿ ನೀರು ಕನ್ನಡಿಯ ಹಾಗಿತ್ತು. ಪಾಯಲ್ ಎಲ್ಲ ದಡದ ಮೇಲೆ ರಾಶಿ ಬಿದ್ದಿತ್ತು. ಪ್ರಿನ್ಸಿಪಾಲರು ಬರುತ್ತಾರೆಂದು ಯಾರೋ ಹೇಳಿದ್ದರಿಂದ ತೋಟದ ಕೆಲಸದ ಕುಮಾರನ್ ಭಾನುವಾರವೇ ಕೊಳ ಶುಚಿ ಮಾಡಿಬಿಟ್ಟಿದ್ದರು. ‘ಸುನಂದಾ, ನಿನ್ನ ಸಮೀಕರಣದಲ್ಲಿ ಕುಮಾರನ್ ಇಲ್ಲ,’ ಎಂದರು ರೋಸಮ್ಮ ಟೀಚರ್. ಮಕ್ಕಳು ನಕ್ಕರು, ಪ್ರಿನ್ಸಿಪಾಲರು ನಕ್ಕರು, ಕೊನೆಗೆ ಬೇರೆ ದಾರಿಯಿಲ್ಲದೆ ನಾನೂ ನಕ್ಕೆ. ಬೆಳೆಯುವುದರಿಂದ ಕಿತ್ತು ತೆಗೆಯುವುದನ್ನು ಕಳೆಯುವ ಪದಕ್ಕೆ ಅಂದಿನಿಂದ ನಮ್ಮ ಕ್ಲಾಸಿನಲ್ಲಿ ಕುಮಾರನ್ ಎಂದೇ ಹೆಸರು. ‘ಟೀಚರೇ, ಇದರಲ್ಲಿ ಕುಮಾರನ್ ಎಷ್ಟು?’ ಎಂದು ಕೇಳಿದವರು ಯಾರೂ ಆ ಪ್ರಶ್ನೆಯಲ್ಲಿ ತಪ್ಪಲಿಲ್ಲ. ಕುಮಾರನ್‌ಗೆ ಈ ವಿಷಯ ತಿಳಿದಾಗ ಅವರು ಒಂದು ವಾರ ಎದೆ ಉಬ್ಬಿಸಿ ಓಡಾಡಿದರು.

ಹುಲಿ ಮತ್ತು ಜಿಂಕೆಯ ಪಾಠ ಇನ್ನೊಂದು ಫಜೀತಿ. ಜಿಂಕೆ ಹೆಚ್ಚಿದರೆ ಹುಲಿ ಹೆಚ್ಚುತ್ತದೆ, ಹುಲಿ ಹೆಚ್ಚಿದರೆ ಜಿಂಕೆ ಕುಗ್ಗುತ್ತದೆ, ಜಿಂಕೆ ಕುಗ್ಗಿದರೆ ಹುಲಿ ಹಸಿವಿನಿಂದ ಕುಗ್ಗುತ್ತದೆ. ಎರಡು ಅಲೆಗಳು ಒಂದರ ಹಿಂದೊಂದು. ಬೋರ್ಡಿನ ಮೇಲೆ ಬಹಳ ಚೆಂದ. ಕಲ್ಲೂರಿನಿಂದ ಬರುತ್ತಿದ್ದ ಹುಡುಗನೊಬ್ಬ ಕೈ ಎತ್ತಿದ. ‘ಟೀಚರೇ, ನಮ್ಮಲ್ಲಿ ಜಿಂಕೆ ಕಡಿಮೆಯಾದರೆ ಹುಲಿ ಸಾಯುವುದಿಲ್ಲ. ನಮ್ಮ ಹಸು ತಿನ್ನುತ್ತದೆ.’ ಆ ಇಡೀ ಗಂಟೆ ಹಸುವನ್ನು ಎಲ್ಲಿ ಸೇರಿಸುವುದು ಎಂಬ ಜಗಳದಲ್ಲಿ ಕಳೆಯಿತು. ಹಸು ಬಂದ ಮೇಲೆ ಹಸುವಿನ ಯಜಮಾನ ಬಂದ, ಯಜಮಾನ ಬಂದ ಮೇಲೆ ಫಾರೆಸ್ಟ್ ಆಫೀಸು ಬಂತು. ಗಣಪತಿ ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದಂತಾಯಿತು. ಪಾಠ ಹಿಂದೆ ಬಿತ್ತು. ಆದರೆ ಮಾದರಿ ಎನ್ನುವುದು ಏನನ್ನು ಹೊರಗಿಟ್ಟಿದ್ದೇವೆ ಎಂಬ ತಿಳಿವು ಎಂದು ನನಗೆ ಅರ್ಥವಾದದ್ದು ಆ ದಿನ.

ಈ ಗದ್ದಲದಲ್ಲೆಲ್ಲ ಬಾಯಿ ತೆರೆಯದೆ ಕಿಟಕಿಯ ಪಕ್ಕ ಕೂರುತ್ತಿದ್ದವಳು ಭಾಗ್ಯ. ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿ. ಬೇಗೂರಿನ ಕಾಡು ದಾಟಿ ಕುಟ್ಟದ ಕಡೆ ಹೋಗುವ ರಸ್ತೆಯಿಂದ ಬರುತ್ತಿದ್ದಳು. ರಸ್ತೆಯಲ್ಲಿ ಆನೆ ನಿಂತರೆ ಅವಳ ಮೊದಲ ಗಂಟೆ ತಪ್ಪುತ್ತಿತ್ತು. ರೋಸಮ್ಮ ಟೀಚರಿಗೆ ಅವಳೆಂದರೆ ಅಚ್ಚುಮೆಚ್ಚು. ನನ್ನ ಪೇಪರಿನಲ್ಲಿ ಮಾತ್ರ ಅವಳಿಗೆ ಏಳ್ಗೆಯಿಲ್ಲ. ಆ ವರ್ಷದ ಇಂಟರ್ನಲ್ ಪರೀಕ್ಷೆಯಲ್ಲಿ ಸಾಂಕ್ರಾಮಿಕ ರೋಗದ ಮಾದರಿಯ ಮೇಲೇ ದೊಡ್ಡ ಪ್ರಶ್ನೆ ಬಂತು. ಭಾಗ್ಯ ಬರೆದದ್ದು ಎಷ್ಟು ವಿಚಿತ್ರವಾಗಿತ್ತೆಂದರೆ, ಅದಕ್ಕೆ ಅರ್ಧ ಅಂಕ ಕೊಡಲೂ ನನಗೆ ಜಾಗ ಸಿಗಲಿಲ್ಲ. ಅದರಲ್ಲಿ ಹೋದರೆ ಅವಳು ಯೂನಿವರ್ಸಿಟಿ ಪರೀಕ್ಷೆಗೆ ಕೂರುವ ಹಾಗಿರಲಿಲ್ಲ, ವರ್ಷವೇ ಹೋಗುತ್ತಿತ್ತು. ವರ್ಷ ಹೋದರೆ ಅವಳ ಮನೆಯವರು ಮತ್ತೆ ಕಳಿಸುವುದಿಲ್ಲ ಎಂದು ರೋಸಮ್ಮ ಟೀಚರ್ ಹೇಳಿದರು.

ಮಾರನೆಯ ವಾರ ಅವಳ ಸೋದರಮಾವ ನಂಜಯ್ಯ ಟಿ.ಸಿ. ಕೇಳಲು ಬಂದರು. ಆ ರಸ್ತೆಯಲ್ಲಿ ಜೀಪು ಓಡಿಸುವವರು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ನಾನು ಯಾವುದೋ ಕಾಗದ ಹುಡುಕುತ್ತಿದ್ದಾಗ ಪಕ್ಕದಲ್ಲಿ ಅಳುತ್ತಿದ್ದ ಭಾಗ್ಯಳ ಕಿವಿಯಲ್ಲಿ ಹೇಳಿದರು:

‘ಬುಡು ಮಗ, ಅಳ್‌ಬ್ಯಾಡ. ಆ ಲೆಕ್ಕದ ಟೀಚರ್ ಮೊಕ ನೋಡು, ಒಳ್ಳೆ ಹಳ್ಳೆಣ್ಣೆ ಕುಡ್ದಂಗೆ ಅದೆ. ಇವ್ರ ತಾವ ಯಾರ್ ಕಲ್ತಾರು.’

ನಾನು ತಲೆ ಎತ್ತದೆ ಕನ್ನಡದಲ್ಲಿ ಹೇಳಿದೆ: ‘ಹರಳೆಣ್ಣೆ ಕುಡಿದು ಬಹಳ ದಿನ ಆಯ್ತು ನಂಜಯ್ಯನವರೇ. ನನ್ನ ಮುಖ ಇರೋದೇ ಹೀಗೆ. ಒಳಗೆ ಬನ್ನಿ.’

ನಂಜಯ್ಯ ಗೋಡೆಗೆ ಅಂಟಿಕೊಂಡರು. ‘ಅಯ್ಯೋ, ತೆಪ್ ತಿಳ್ಕಬ್ಯಾಡಿ ಟೀಚರವ್ವ, ನೀವು ನಮ್ಮೋರು ಅಂತ ಗೊತ್ತಿರ್ನಿಲ್ಲ.’ ಭಾಗ್ಯ ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಆ ವರ್ಷವಿಡೀ ನಾನು ಅವಳಿಗೆ ಪಾಠ ಹೇಳಿದ್ದೆ, ನನ್ನ ಬಾಯಲ್ಲಿ ಕನ್ನಡ ಇದೆಯೆಂದು ಅವಳಿಗೆ ತಿಳಿದಿರಲಿಲ್ಲ.

ಖಾಲಿ ಕ್ಲಾಸಿಗೆ ಕರೆದುಕೊಂಡು ಹೋಗಿ ಬೋರ್ಡಿನ ಮೇಲೆ ಮೂರು ಚೌಕ ಬರೆದೆ. ಎಲ್ಲರೂ ಬರೆಯುವ ಮೂರು ಚೌಕ: ಮೊದಲನೆಯದರಲ್ಲಿ ಆರೋಗ್ಯವಾಗಿರುವವರು, ಎರಡನೆಯದರಲ್ಲಿ ರೋಗಿಗಳು, ಮೂರನೆಯದರಲ್ಲಿ ರೋಗ ಬಂದು ವಾಸಿಯಾದವರು. ಆರೋಗ್ಯವಂತರೂ ರೋಗಿಗಳೂ ಒಬ್ಬರನ್ನೊಬ್ಬರು ಎಷ್ಟು ಭೇಟಿಯಾಗುತ್ತಾರೆ ಎನ್ನುವುದಕ್ಕೆ ಇವರ ಸಂಖ್ಯೆಯನ್ನು ಅವರ ಸಂಖ್ಯೆಯಿಂದ ಗುಣಿಸುತ್ತೇವೆ. ಹೆಚ್ಚು ಭೇಟಿಯಾದರೆ ಹೆಚ್ಚು ಜನ ಕಾಯಿಲೆ ಬೀಳುತ್ತಾರೆ. ಬಾಣದ ಗುರುತು ಮೊದಲ ಚೌಕದಿಂದ ಎರಡನೆಯದಕ್ಕೆ. ಇಡೀ ಪಾಠದ ತಿರುಳು ಇಷ್ಟೇ.

‘ಭೇಟಿಯಾದ ಮೇಲೆ ಏನಾಗುತ್ತೆ? ನಿನಗೆ ತಿಳಿದ ಹಾಗೆ ಬಾಣ ಹಾಕು ಮಗು,’ ಎಂದೆ.

ಅವಳು ಆರೋಗ್ಯವಂತರನ್ನೂ ರೋಗಿಗಳನ್ನೂ ಒಟ್ಟಿಗೆ ಸುತ್ತುಗೆರೆ ಹಾಕಿ, ಬಾಣವನ್ನು ನೇರ ಮೂರನೆಯ ಚೌಕಕ್ಕೆ ಎಳೆದಳು. ಪರೀಕ್ಷೆಯಲ್ಲಿ ಬರೆದದ್ದೂ ಇದೇ.

‘ಯಾಕೆ?’

‘ನೀವೇ ಹೇಳಿದ್ರಲ್ಲ ಟೀಚರ್. ಇವ್ರನ್ನ ಅವ್ರಿಂದ ಗುಣಿಕ್ಕಣಂ ಅಂತ. ಅಂದ್ರೆ ಗುಣ ಆಯ್ತದೆ ಅಂತ.’

ಗುಣಿಕ್ಕಣಂ ಎಂದರೆ ಮಲಯಾಳದಲ್ಲಿ ಗುಣಿಸಬೇಕು ಎಂದರ್ಥ. ‘ಗುಣಿಸು ಅಂದರೆ ಗುಣಾಕಾರ ಅಲ್ಲವೇನೇ? ಮೂರು ನಾಲ್ಕಲಿ ಹನ್ನೆರಡು?’ ಎಂದೆ.

‘ಅದು ಲೆಕ್ಕ ಗುಣಿಸೋದು ಟೀಚರ್, ಗೊತ್ತು. ಇಲ್ಲಿ ಜನ ಅಲ್ವ? ಜನರನ್ನ ಯಾರಾದ್ರೂ ಹಂಗೆ ಗುಣಿಸ್ತಾರಾ?’ ಎಂದಳು. ‘ರೋಗಿ ಪಕ್ಕಕ್ಕೆ ಆರೋಗ್ಯ ಇರೋರು ಬಂದು ಕೂತ್ರೆ ಗುಣ ಆಯ್ತದೆ ಅನ್ನೋದು ನಮ್ಮಜ್ಜಿನೂ ಹೇಳ್ತದೆ. ಪನಿ ಬಂದೋರ್ ಮನೆಗೆ ನಾಕ್ ಜನ ಹೋಗಿ ಮಾತಾಡ್ಸುದ್ರೆ ಅರ್ಧ ಪನಿ ಇಳೀತದೆ ಅಂತದೆ. ಬುಕ್ಕಲ್ಲೂ ಅದೇ ಅದಲ್ಲ ಅಂತ ನಂಗೆ ಖುಷಿ ಆಗಿತ್ತು.’

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಜ್ವರಕ್ಕೆ ಪನಿ ಎನ್ನುವ ಮಲಯಾಳದ ಮಾತು ಅವಳ ಕನ್ನಡದೊಳಗೇ ಸೇರಿಹೋಗಿತ್ತು. ಮಲಯಾಳಂ ಮನೆಯ ಮಗುವಿಗೆ ಈ ತಪ್ಪು ಸಾಧ್ಯವಿರಲಿಲ್ಲ. ಅವರು ರೋಗ ವಾಸಿಯಾಗುವುದಕ್ಕೆ ‘ಮಾರುವುದು’ ಎನ್ನುತ್ತಾರೆ, ‘ಗುಣ’ ಎನ್ನುವುದಿಲ್ಲ. ಬರೀ ಕನ್ನಡದಲ್ಲೇ ಓದಿದವರಿಗೆ ಕ್ಲಾಸಿನ ಗುಣಿಸುವುದು ಬೇರೆ, ಮನೆಯ ಗುಣವಾಗುವುದು ಬೇರೆ ಎಂದು ಎರಡು ಗೂಡಿನಲ್ಲಿ ಇರುತ್ತದೆ. ಕಿವಿಯಲ್ಲಿ ಮಲಯಾಳಂ ಬಿದ್ದು ಮನಸ್ಸಿನಲ್ಲಿ ಕನ್ನಡವಾಗುವ ನಮ್ಮಂಥವರ ಮಕ್ಕಳಿಗೆ ಮಾತ್ರ ಇದು ಹೀಗೆ ಬಂದು ಕೂರುತ್ತದೆ. ನಂಜಯ್ಯನವರು ಬಾಗಿಲಲ್ಲಿ ನಿಂತು ‘ಟೀಚರವ್ವ, ಅದು ಹೇಳ್ತಿರೋದು ದಿಟವೇಯ’ ಎಂದು ಸಾಕ್ಷಿ ನುಡಿದರು.

ಬೋರ್ಡು ಅಳಿಸದೆ ಕುರ್ಯನ್ ಸಾರ್ ಅವರನ್ನು ಕರೆತಂದೆ. ಮರುಪರೀಕ್ಷೆ ಕೊಡುವುದು ಬಿಡುವುದು ಅವರ ಕೈಯಲ್ಲಿತ್ತು. ಆ ವಿಷಯದಲ್ಲಿ ಅವರು ಕಲ್ಲು. ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಎನ್ನುವವರು. ನಾನು ಶಬ್ದದ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವರು ಸೀಮೆಸುಣ್ಣ ತೆಗೆದುಕೊಂಡು ಭಾಗ್ಯಳ ಬಾಣವನ್ನೇ ನಂಬಿ ಸಮೀಕರಣ ಬರೆದರು, ಬಿಡಿಸಿದರು.

‘ಈ ಮಗುವಿನ ಮಾದರಿಯಲ್ಲಿ ನೋಡಲು ಬರುವವರು ಹೆಚ್ಚಾದಷ್ಟು ರೋಗಿ ಬೇಗ ಏಳುತ್ತಾನೆ,’ ಎಂದರು ಸಾರ್. ‘ಯಾರೂ ಬಾರದ ರೋಗಿ ಮಾತ್ರ ಎಂದಿಗೂ ಏಳುವುದಿಲ್ಲ.’ ಕೈಯ ಸುಣ್ಣ ಒರೆಸಿಕೊಂಡರು. ‘ಗಣಿತ ತಪ್ಪಿಲ್ಲ ಟೀಚರ್. ಇವಳು ಬೇರೆ ಊರಿನ ಮಾದರಿ ಬರೆದಿದ್ದಾಳೆ. ನಮ್ಮ ಪ್ರಶ್ನೆ ಈ ಊರಿನದು. ಇನ್ನೊಮ್ಮೆ ಬರೆಯಲಿ.’

ನನ್ನ ಇಡೀ ವೃತ್ತಿಯಲ್ಲಿ ನಾನು ಕೇಳಿದ ದೊಡ್ಡ ಮಾತು ಅದು. ಸಾರ್ ಈಗಿಲ್ಲ. ಅವರಿಗೆ ನಾನು ಅಂದು ಥ್ಯಾಂಕ್ಸ್ ಸಾರ್ ಎಂದು ಮಾತ್ರ ಹೇಳಿದೆ, ಇನ್ನೂ ಹೇಳಬೇಕಿತ್ತು. ಇಲ್ಲಿ ಹೇಳುತ್ತಿದ್ದೇನೆ.

ನಂಜಯ್ಯ ಟಿ.ಸಿ. ಕೇಳುವುದನ್ನು ಮರೆತು ಜೀಪು ಹತ್ತಿದರು. ಭಾಗ್ಯ ಮರುಪರೀಕ್ಷೆಯಲ್ಲಿ ಬಾಣವನ್ನು ಎರಡನೆಯ ಚೌಕಕ್ಕೇ ಹಾಕಿದಳು, ಪಾಸಾದಳು, ಡಿಗ್ರಿ ಮುಗಿಸಿದಳು. ನಾನೂ ನನ್ನ ಕ್ರಮ ಬದಲಾಯಿಸಿದೆ. ವರ್ಷದ ಮೊದಲ ದಿನ ಸೂತ್ರ ಬರೆಯದೆ, ಈ ಪಾಠದಲ್ಲಿ ಬರುವ ಶಬ್ದಗಳನ್ನು ಬೋರ್ಡಿನ ಮೇಲೆ ಬರೆದು, ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತಾರೆ ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದೆ. ಆಮೇಲೆ ಗ್ರಾಫ್ ಕಾಗದ ಹೋಗಿ ಕಂಪ್ಯೂಟರ್ ಬಂತು, ನಾವು ವಾರವಿಡೀ ಎಳೆದ ಗೆರೆಯನ್ನು ಅದು ಕಣ್ಣು ಮಿಟುಕಿಸುವುದರಲ್ಲಿ ಎಳೆಯಿತು. ನನಗೆ ಅದರ ಮೇಲೆ ಮುನಿಸಿಲ್ಲ. ಆದರೆ ಮನೆಯ ಮಾತು ಕೇಳುವ ಮೊದಲ ದಿನವನ್ನು ನಾನು ಯಾವ ಕಂಪ್ಯೂಟರಿಗೂ ಬಿಟ್ಟುಕೊಡಲಿಲ್ಲ. ಹೊಸದಾಗಿ ಬರುವವರಿಗೆ ನನ್ನ ಬುದ್ಧಿಮಾತು ಏನಾದರೂ ಇದ್ದರೆ ಇದೊಂದೇ.

ಕೊರೋನಾ ಬಂದಾಗ ನಾನು ಮನೆಯ ಮಹಡಿಯ ಮೆಟ್ಟಿಲಲ್ಲಿ ಕೂತು ಮೊಬೈಲಿನಲ್ಲಿ ಪಾಠ ಹೇಳುತ್ತಿದ್ದೆ; ನೆಟ್‌ವರ್ಕ್ ಅಲ್ಲಿಗೆ ಮಾತ್ರ ಬರುತ್ತಿತ್ತು. ಮೂರು ಚೌಕದ ಪಾಠ ಅದುವರೆಗೆ ಪರೀಕ್ಷೆಗೆ ಬೇಕಾದದ್ದು. ಆ ವರ್ಷ ಎಲ್ಲರ ಮನೆಬಾಗಿಲಿಗೆ ಬಂದು ನಿಂತಿತ್ತು. ಒಂದು ದಿನ ಭಾಗ್ಯ ಫೋನ್ ಮಾಡಿದಳು. ಅಷ್ಟರಲ್ಲಿ ಅವಳು ತನ್ನ ಊರಿನ ಕಡೆಯೇ ಆರೋಗ್ಯ ಇಲಾಖೆಯ ಕೆಲಸಕ್ಕೆ ಸೇರಿದ್ದಳು.

‘ಟೀಚರ್, ನಮ್ಮ ಜನ ಕೇಳ್ತಾ ಇಲ್ಲ. ಪನಿ ಬಂದೋರ ಮನೆಗೆ ಹೋಗಬ್ಯಾಡಿ ಅಂದ್ರೆ, ನಿಂಗೆ ಕರುಳಿಲ್ವ ಅಂತ ನಂಗೇ ಉಗೀತಾರೆ.’

‘ಏನು ಹೇಳಿದೆ ಅವರಿಗೆ?’

‘ಮಲಯಾಳದಲ್ಲಿ ಕೊಟ್ಟಿರೋ ನೋಟೀಸು ಓದ್ದೆ. ಯಾರೂ ಕಿವಿಗೆ ಹಾಕ್ಕಳ್ಳಲಿಲ್ಲ.’ ನಕ್ಕಳು. ‘ಆಮೇಲೆ ನಾನು ಪರೀಕ್ಷೆಲಿ ಮಾಡಿದ ತೆಪ್ಪು ಜ್ಞಾಪಕ ಬಂತು. ಮನೆಮನೆ ಮುಂದೆ ನಿಂತು ಹೇಳ್ದೆ. ಈ ಪನಿ ಬೇರೆ ಥರದ್ದು ಕಣ್ರಪ್ಪ, ನೋಡಾಕೆ ಹೋದ್ರೆ ಗುಣ ಆಗಲ್ಲ, ಗುಣಿಸ್ತದೆ ಅಂತ. ಒಂದು ಎರಡಾಯ್ತದೆ, ಎರಡು ನಾಕಾಯ್ತದೆ ಅಂತ. ಅದು ತಲೆಗೆ ಹೋಯ್ತು ಟೀಚರ್.’

ಗುಣ ಆಗಲ್ಲ, ಗುಣಿಸ್ತದೆ. ನಾನು ಇಷ್ಟು ವರ್ಷ ಬೋರ್ಡು ತುಂಬ ಬರೆದದ್ದನ್ನು ಅವಳು ಮೂರು ನಾಲ್ಕು ಪದದಲ್ಲಿ ಮುಗಿಸಿದ್ದಳು. ಅವಳ ಅಜ್ಜಿ ಒಬ್ಬರು ಮಾತ್ರ ಪೂರ್ತಿ ಸೋಲಲಿಲ್ಲವಂತೆ. ಕಾಯಿಲೆಯವರ ಮನೆಯ ಬೇಲಿಯಾಚೆ ದೂರ ನಿಂತು, ಊರಿಗೆಲ್ಲ ಕೇಳುವ ಹಾಗೆ ಕೂಗಿ ಮಾತಾಡಿಸಿ ಬರುತ್ತಿದ್ದರಂತೆ. ಅದಕ್ಕೆ ಯಾವ ನೋಟೀಸಿನಲ್ಲೂ ಅಡ್ಡಿಯಿರಲಿಲ್ಲ.

ನಿವೃತ್ತಿಯಾದ ಮೇಲೆ ತಮ್ಮನ ಮನೆಯಲ್ಲಿದ್ದೇನೆ. ಕಳೆದ ಮಳೆಗಾಲದಲ್ಲಿ ಉಮೇದು ಬಂದು ಗದ್ದೆಯ ಕೆಸರಿಗೆ ಇಳಿದೆ, ಇಲಿಜ್ವರ ಹಿಡಿಯಿತು. ಆಸ್ಪತ್ರೆಯಿಂದ ಬಂದ ಮೇಲೂ ಏಳಲು ಶಕ್ತಿಯಿಲ್ಲ, ಊಟ ಸೇರುವುದಿಲ್ಲ. ಜನ ಬಂದು ಪಕ್ಕದಲ್ಲಿ ಕೂತು ತಮ್ಮ ತಮ್ಮ ಕಾಯಿಲೆಯ ಪುರಾಣ ಹೇಳುವುದು ನನಗೆ ಮೊದಲಿಂದಲೂ ಆಗದು. ಯಾರನ್ನೂ ಒಳಗೆ ಬಿಡಬೇಡ ಎಂದು ತಮ್ಮನಿಗೆ ಕಟ್ಟಪ್ಪಣೆ ಮಾಡಿದ್ದೆ. ಅವನು ಹಾಗೆಯೇ ಪಾಲಿಸಿದ. ಮಲಗಿ ಸೂರು ನೋಡುತ್ತಿದ್ದೆ. ದಿನಗಳು ಹೋದವು, ಮೈ ಮಾತ್ರ ಹಾಗೇ ಇತ್ತು.

ಒಂದು ಮಧ್ಯಾಹ್ನ ಅಂಗಳದಲ್ಲಿ ಜೀಪು ನಿಂತ ಸದ್ದಾಯಿತು. ತಮ್ಮ ಬಾಗಿಲಲ್ಲಿ ‘ಅಕ್ಕ ಮಲಗಿದ್ದಾಳೆ’ ಎನ್ನುತ್ತಿದ್ದ. ‘ಮನಿಕ್ಕಂಡಿರ್ಲಿ ಬುಡಪ್ಪ. ಮನಿಕ್ಕಂಡೋರ ನೋಡಾಕೆ ಅಲ್ವ ಬಂದಿರೋದು’ ಎಂದು ಒಂದು ಮುದಿದನಿ ಅವನನ್ನು ಸರಿಸಿಕೊಂಡು ಒಳಗೇ ಬಂತು. ನಾನು ಎಂದೂ ನೋಡಿರದ, ಇಷ್ಟು ವರ್ಷ ನನ್ನ ಪಾಠದಲ್ಲಿ ಬಂದು ಹೋಗುತ್ತಿದ್ದ ಆ ಅಜ್ಜಿ. ಹಿಂದೆ ನಂಜಯ್ಯ, ಅವರ ಹಿಂದೆ ಭಾಗ್ಯ.

ನಾನು ಏಳಲು ಹೋದೆ. ಅಜ್ಜಿ ಭುಜ ಹಿಡಿದು ಮಲಗಿಸಿದರು. ‘ಏಳ್‌ಬ್ಯಾಡ ಕಣವ್ವ. ನೀ ಮಾತಾಡೂ ಬ್ಯಾಡ. ನಾ ಆಡ್ತಿನಿ.’ ಮಂಚದ ಅಂಚಿನಲ್ಲಿ ಕೂತು, ದಾರಿಯಲ್ಲಿ ಅಡ್ಡ ನಿಂತ ಆನೆಯಿಂದ ಶುರು ಮಾಡಿದರು. ಅದು ನಿಂತದ್ದು, ನಂಜಯ್ಯ ಹೆದರಿದ್ದು, ತಾನು ಹೆದರದೆ ಇದ್ದದ್ದು. ನಂಜಯ್ಯ ನಡುವೆ ಬಾಯಿ ಹಾಕಿ ಅಜ್ಜಿಯೇ ಮೊದಲು ಕೂಗಿಕೊಂಡದ್ದು ಎಂದರು. ಜಗಳ ಹತ್ತಿತು. ನನಗೆ ನಗು ಬಂತು; ಎಷ್ಟೋ ದಿನದ ಮೇಲೆ ಹೊಟ್ಟೆಯಲ್ಲಿ ಹಸಿವೆಯೂ ಎದ್ದ ಹಾಗಾಯಿತು. ತಮ್ಮನ ಹೆಂಡತಿ ಗಂಜಿ ತಂದಿಟ್ಟಳು, ಯಾರೂ ಒತ್ತಾಯ ಮಾಡದೆ ಕುಡಿದೆ.

ಭಾಗ್ಯ ಬಾಗಿಲ ಹತ್ತಿರವೇ ನಿಂತಿದ್ದಳು, ಕ್ಲಾಸಿನಲ್ಲಿ ಕಿಟಕಿಯ ಪಕ್ಕ ಇರುತ್ತಿದ್ದ ಹಾಗೆ.

‘ಟೀಚರ್, ಇಲಿಜ್ವರ ಒಬ್ಬರಿಂದ ಒಬ್ಬರಿಗೆ ಬರಲ್ಲ. ಕೇಳ್ಕೊಂಡೇ ಎಲ್ಲಾರ್ನೂ ಕರ್ಕೊಂಡು ಬಂದೆ,’ ಎಂದಳು. ಆಮೇಲೆ ಮೆಲ್ಲಗೆ, ‘ಗುಣ ಆಯ್ತಾ ಟೀಚರ್?’

‘ಇಲ್ಲ ಮಗು. ಇದುವರೆಗೆ ಯಾರೂ ಬಂದಿರಲಿಲ್ಲ,’ ಎಂದೆ. ‘ಈಗ ಆಗುತ್ತೆ. ಬಾ, ಇಲ್ಲಿ ಪಕ್ಕದಲ್ಲಿ ಕೂತ್ಕೊ.’